ಎಡಕ್ಕೆ ತಿರುಗಿದಾಗ ಜೋರಾಗುವ ಗುಂಯ್ ಸದ್ದು: ಒಂದು ವೀಲ್ ಬೇರಿಂಗ್ ಪ್ರಕರಣ

ಕಾರು ಗೆಳೆಯನದು. ಎಂಜಿನ್ ಬಲ ಮುಂದಿನ ಚಕ್ರಗಳಿಗೆ ಹೋಗುವ ಸಣ್ಣ ಹ್ಯಾಚ್‌ಬ್ಯಾಕ್. ದೂರು ಸರಳ: ವೇಗ 50 ಕಿ.ಮೀ. ದಾಟಿದರೆ ಒಳಗೆ ಗುಂಯ್ ಅಂತ ಒಂದೇ ಸಮನೆ ಸದ್ದು. 80ಕ್ಕೆ ಹೋದರೆ ಪಕ್ಕದವರ ಜೊತೆ ದನಿ ಏರಿಸಿ ಮಾತಾಡಬೇಕು. ಇದು ಒಂದೇ ದಿನ ಬಂದದ್ದಲ್ಲ. ಮೆಲ್ಲಗೆ ಶುರುವಾಗಿ ಮೆಲ್ಲಗೆ ಬೆಳೆದದ್ದು. ಹಾಗಾಗಿ ಮನೆಯವರಿಗೆಲ್ಲ ಅಭ್ಯಾಸವಾಗಿ ಹೋಗಿತ್ತು. ಹೊರಗಿನವರು ಕೂತಾಗಲೇ "ಏನಿದು ಸದ್ದು?" ಅಂತ ಕೇಳುತ್ತಿದ್ದರು.

ನನ್ನ ಹತ್ತಿರ ಬರುವ ಮೊದಲೇ ಕಾರು ಒಂದೆರಡು ಕಡೆ ಹೋಗಿ ಬಂದಿತ್ತು. ಒಂದು ಕಡೆ ಟೈರ್ ಸದ್ದು ಅಂದರು, ಮುಂದಿನ ಎರಡೂ ಟೈರ್ ಹೊಸದು ಹಾಕಿದರು. ಸದ್ದು ಚೂರು ಕಮ್ಮಿಯಾದಂತೆ ಅನಿಸಿತಂತೆ, ಆದರೆ ಹೋಗಲಿಲ್ಲ. ಇನ್ನೊಂದು ಕಡೆ ಗೇರ್‌ಬಾಕ್ಸ್ ಬಿಚ್ಚಬೇಕು ಅಂದರು. ಅಲ್ಲಿಗೆ ಗೆಳೆಯ ಹೆದರಿದ. "ಎಡಗಡೆ ಮುಂದಿನ ಚಕ್ರದ್ದೇ ಕಣೋ, ನಂಗೆ ಕಿವಿಗೇ ಗೊತ್ತಾಗುತ್ತೆ" ಅಂದ. ಅವನ ಹೆಂಡತಿಗೆ ಸದ್ದು ಹಿಂದಿನಿಂದ ಬಂದಂತೆ ಕೇಳುತ್ತಿತ್ತು.

ಇಬ್ಬರ ಮಾತನ್ನೂ ನಾನು ಪಕ್ಕಕ್ಕಿಟ್ಟೆ. ಕಾರಿನ ಒಳಗೆ ಕೂತು ಸದ್ದಿನ ಜಾಗ ಹೇಳುವುದು ನಂಬುವ ಕೆಲಸ ಅಲ್ಲ. ಚಕ್ರದ ಅದುರು ನಕಲ್ (ಚಕ್ರ, ಬೇರಿಂಗ್ ಕೂರುವ ಲೋಹದ ತುಂಡು), ಸಸ್ಪೆನ್ಶನ್, ತಗಡಿನ ಬಾಡಿ ಎಲ್ಲ ದಾಟಿ ಬರುತ್ತದೆ. ಬಾಡಿಯಲ್ಲಿ ಎಲ್ಲಿ ತಗಡು ಸಡಿಲವಾಗಿ ಅದುರುತ್ತದೋ ಅಲ್ಲಿಂದ ಕಿವಿಗೆ ಬೀಳುತ್ತದೆ. ಜಾಗ ಕೇಳುವುದಕ್ಕಿಂತ, ಸದ್ದು ಯಾವಾಗ ಬದಲಾಗುತ್ತದೆ ಅಂತ ಕೇಳಬೇಕು. ಈ ಪ್ರಕರಣ ಪೂರ್ತಿ ನಿಂತದ್ದು ಅದರ ಮೇಲೆ.

ಓಡಿಸಿ ನೋಡಿದ್ದು

ಖಾಲಿ ರಸ್ತೆ, ಕಿಟಕಿ ಮುಚ್ಚಿ, ಫ್ಯಾನು, ಹಾಡು ಎಲ್ಲ ಆರಿಸಿ ಹೊರಟೆವು. 60ಕ್ಕೆ ಬಂದಾಗ ಗೇರ್ ಬದಲಿಸಿ ನೋಡಿದೆ. ನಾಲ್ಕನೇ ಗೇರು, ಮೂರನೇ ಗೇರು. ಎಂಜಿನ್ ಸದ್ದು ಏರಿತು, ಗುಂಯ್ ಅನ್ನೋದು ಇದ್ದಂತೆಯೇ ಇತ್ತು. ಆಮೇಲೆ ನ್ಯೂಟ್ರಲ್‌ಗೆ ಹಾಕಿ ಕಾರನ್ನು ತಾನಾಗೇ ಓಡಲು ಬಿಟ್ಟೆ. ಆಗಲೂ ಬದಲಾವಣೆ ಇಲ್ಲ. ವೇಗ ಇಳಿದಂತೆ ಸದ್ದೂ ಇಳಿಯಿತು, ಅಷ್ಟೇ. ಅಂದರೆ ಎಂಜಿನ್ನಿಗೂ ಇದಕ್ಕೂ ಸಂಬಂಧ ಇಲ್ಲ.

ಗೇರ್‌ಬಾಕ್ಸಿಗೂ ಇಲ್ಲ ಅಂತ ಇಷ್ಟರಿಂದಲೇ ಹೇಳಲು ಬರುವುದಿಲ್ಲ. ನ್ಯೂಟ್ರಲ್‌ನಲ್ಲೂ ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎರಡು ಚಕ್ರಕ್ಕೆ ಹಂಚುವ ಗೇರುಗಳು) ಮತ್ತು ಅದರ ಬೇರಿಂಗ್‌ಗಳು ಚಕ್ರದ ಜೊತೆ ತಿರುಗುತ್ತಲೇ ಇರುತ್ತವೆ. ಆದರೆ ಅಲ್ಲಿ ತೊಂದರೆ ಇದ್ದರೆ ಸಾಮಾನ್ಯವಾಗಿ ಆಕ್ಸಿಲರೇಟರ್ ಒತ್ತಿದಾಗ ಒಂದು ಸದ್ದು, ಬಿಟ್ಟಾಗ ಇನ್ನೊಂದು ಸದ್ದು. ಇಲ್ಲಿ ಒತ್ತಿದರೂ ಬಿಟ್ಟರೂ ಒಂದೇ. ಹಾಗಾಗಿ ಗೇರ್‌ಬಾಕ್ಸ್ ಮೇಲಿನ ಅನುಮಾನ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಉಳಿದವು ಬೇಗ ಮುಗಿದವು. ಬ್ರೇಕನ್ನು ಮೆಲ್ಲಗೆ ಒತ್ತಿದರೆ ಸದ್ದು ಬದಲಾಗಲಿಲ್ಲ, ಆದ್ದರಿಂದ ಪ್ಯಾಡ್ ಅಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಮುಂದೆ ಹೋದರೆ ಕಟಕಟ ಇಲ್ಲ, ಆದ್ದರಿಂದ ಡ್ರೈವ್ ಶಾಫ್ಟಿನ ಹೊರ ಜಾಯಿಂಟ್ ಅಲ್ಲ. ತಗಡು ಉಜ್ಜಿದ ಕಿರ್ ಸದ್ದಿಲ್ಲ, ಆದ್ದರಿಂದ ಡಿಸ್ಕ್ ಹಿಂದಿನ ಧೂಳಿನ ತಗಡೂ ಅಲ್ಲ. ಮುಖ್ಯವಾಗಿ ಉಳಿದದ್ದು ಎರಡು: ಟೈರ್, ಇಲ್ಲವೇ ಚಕ್ರ ಸಲೀಸಾಗಿ ತಿರುಗಲು ಒಳಗೆ ಉಕ್ಕಿನ ಗುಂಡುಗಳಿರುವ ಬೇರಿಂಗ್.

ಇವೆರಡನ್ನು ಅನುಭವಸ್ಥರೂ ಒಂದಕ್ಕೊಂದು ಬದಲಿಸಿಕೊಳ್ಳುತ್ತಾರೆ. ಯಾಕೆ ಅಂತ ಒಂದು ಸಣ್ಣ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಸಣ್ಣ ಕಾರಿನ ಟೈರಿನ ಸುತ್ತಳತೆ ಹೆಚ್ಚುಕಡಿಮೆ 1.8 ಮೀಟರ್. 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 16.7 ಮೀಟರ್ ಹೋಗುತ್ತದೆ, ಅಂದರೆ ಚಕ್ರ ಸೆಕೆಂಡಿಗೆ 9 ಸುತ್ತಿಗಿಂತ ಸ್ವಲ್ಪ ಜಾಸ್ತಿ. ಟೈರ್ ಒಂದೇ ಕಡೆ ಉಬ್ಬಿದ್ದರೆ ಸುತ್ತಿಗೆ ಒಂದು ಏಟು. ಅದು ದಬದಬ ಅಂತ ಬಿಡಿಬಿಡಿಯಾಗಿ ಕೇಳುತ್ತದೆ, ಗುಂಯ್ ಅಂತ ಅಲ್ಲ. ಬೇರಿಂಗ್ ಕಥೆ ಬೇರೆ. ಒಂದು ಸಾಲಿನಲ್ಲಿ 13 ಗುಂಡು ಇದೆ ಅಂತ ಇಟ್ಟುಕೊಳ್ಳಿ. ಗುಂಡು ಓಡುವ ಉಕ್ಕಿನ ಬಳೆಗೆ ರೇಸ್ ಅನ್ನುತ್ತಾರೆ, ಒಳಗೊಂದು ಹೊರಗೊಂದು. ಹೊರ ರೇಸಿನಲ್ಲಿ ಒಂದು ಗುಳಿ ಬಿದ್ದರೆ ಚಕ್ರದ ಒಂದು ಸುತ್ತಿಗೆ ಸುಮಾರು 5 ಗುಂಡು ಅದನ್ನು ಹಾದು ಹೋಗುತ್ತವೆ. ಒಳ ರೇಸಿನಲ್ಲಿ ಬಿದ್ದರೆ 8ರ ಹತ್ತಿರ. ಸೆಕೆಂಡಿಗೆ 50ರಿಂದ 70 ಏಟು ಆಯಿತು. ಆ ಏಟುಗಳು ಬಿಡಿಯಾಗಿ ಕೇಳುವುದಿಲ್ಲ, ಕೂಡಿಕೊಂಡು ಗುಂಯ್ ಆಗುತ್ತವೆ. ಇನ್ನು ಟೈರ್ ಅಲ್ಲಲ್ಲಿ ಗುಳಿ ಗುಳಿಯಾಗಿ ಸವೆದಿದ್ದರೆ? ಸುತ್ತಲೂ ಹತ್ತಾರು ಗುಳಿ, ಅದೂ ಇದೇ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಕಿವಿ ಮೋಸ ಹೋಗದೆ ಇನ್ನೇನು?

ಬೇರೆ ಮಾಡುವ ದಾರಿ ಎರಡೇ. ಟೈರ್ ಸದ್ದು ರಸ್ತೆಯ ಮೇಲ್ಮೈ ಬದಲಾದರೆ ಬದಲಾಗುತ್ತದೆ. ಬೇರಿಂಗ್ ಸದ್ದು ಅದರ ಮೇಲೆ ಬೀಳುವ ಭಾರ ಬದಲಾದರೆ ಬದಲಾಗುತ್ತದೆ.

ಭಾರ ಬದಲಿಸಲು ತಿರುವು ಸಾಕು. ಎಡಕ್ಕೆ ತಿರುಗಿದರೆ ಕಾರಿನ ಭಾರ ಬಲಗಡೆ ಚಕ್ರಗಳ ಮೇಲೆ ಬೀಳುತ್ತದೆ, ಬಲಕ್ಕೆ ತಿರುಗಿದರೆ ಎಡಗಡೆ. 60ರಲ್ಲಿ ಉದ್ದನೆಯ ಎಡ ತಿರುವು ಸಿಕ್ಕಿತು. ಗುಂಯ್ ಅನ್ನೋದು ಗೊರ್ ಆಯಿತು. ಕಾಲಡಿಯ ತಗಡೇ ಅದುರಿತು. ಬಲ ತಿರುವಿನಲ್ಲಿ ಸದ್ದು ತಟ್ಟನೆ ಕೆಳಗಿಳಿಯಿತು, ಆದರೆ ಪೂರ್ತಿ ನಿಲ್ಲಲಿಲ್ಲ. ತೆಳುವಾಗಿ ಏನೋ ಉಳಿದಿತ್ತು. ಗೆಳೆಯ ನನ್ನ ಮುಖ ನೋಡಿದ.

"ಹಾಗಾದ್ರೆ ಎಡಗಡೆ ಅಲ್ವಾ?"

"ಬಲಗಡೆ. ಮುಂದೋ ಹಿಂದೋ ಅಂತ ಜಾಕ್ ಹಾಕಿದ ಮೇಲೆ ಹೇಳ್ತೀನಿ."

ಈ ತಿರುವಿನ ಪರೀಕ್ಷೆಯೂ ದೇವರ ವಾಕ್ಯ ಅಲ್ಲ. ಈಗಿನ ಬೇರಿಂಗ್‌ಗಳಲ್ಲಿ ಗುಂಡುಗಳು ಎರಡು ಸಾಲು ಇರುತ್ತವೆ, ಪಕ್ಕದಿಂದ ಬರುವ ಒತ್ತಡವನ್ನೂ ಹಂಚಿಕೊಳ್ಳುತ್ತವೆ. ಯಾವ ಸಾಲು ಹಾಳಾಗಿದೆ ಅನ್ನುವುದರ ಮೇಲೆ ಒಮ್ಮೊಮ್ಮೆ ಉತ್ತರ ಉಲ್ಟಾ ಬರುವುದೂ ಉಂಟು. ಅದಕ್ಕೇ ಮುಂದಿನ ಪರೀಕ್ಷೆ.

ಜಾಕ್ ಮೇಲೆ

ಸಮತಟ್ಟು ನೆಲ, ಎದುರು ಬದಿಯ ಚಕ್ರಗಳಿಗೆ ಅಡ್ಡ ಕಲ್ಲು, ಜಾಕ್ ಎತ್ತಿದ ಮೇಲೆ ಸ್ಟ್ಯಾಂಡ್. ಜಾಕನ್ನು ಮಾತ್ರ ನಂಬಿ ಕಾರಿನ ಕೆಳಗೆ ಕೈ ಕಾಲು ಹಾಕಬಾರದು. ಇದರಲ್ಲಿ ರಾಜಿ ಇಲ್ಲ.

ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿದೆ. ಗಟ್ಟಿ. 3 ಮತ್ತು 9ರಲ್ಲೂ ಗಟ್ಟಿ, ಅಂದರೆ ಸ್ಟಿಯರಿಂಗಿನಿಂದ ಚಕ್ರಕ್ಕೆ ಬರುವ ಟೈ ರಾಡ್ ಕೂಡ ಸರಿ ಇದೆ. ಎಷ್ಟೋ ಜನ ಇಲ್ಲಿಗೇ ನಿಲ್ಲಿಸಿ "ಬೇರಿಂಗ್ ಚೆನ್ನಾಗಿದೆ" ಅನ್ನುತ್ತಾರೆ. ಈ ಕಾರಿನಲ್ಲೂ ಹಾಗೇ ಆಗಿರಬೇಕು. ಆದರೆ ಅಲ್ಲಾಟ ಬರುವುದು ಬಹಳ ತಡವಾಗಿ. ಸದ್ದು ಬಂದು ತುಂಬಾ ಕಾಲ ಆದರೂ ಚಕ್ರ ಕದಲದೇ ಇರಬಹುದು.

ನನಗೆ ನಂಬಿಕೆ ಇರುವುದು ಸ್ಪ್ರಿಂಗ್ ಪರೀಕ್ಷೆ ಮೇಲೆ. ಒಂದು ಕೈಯಿಂದ ಸಸ್ಪೆನ್ಶನ್ನಿನ ಕಾಯಿಲ್ ಸ್ಪ್ರಿಂಗ್ ಹಿಡಿದುಕೊಳ್ಳಿ. ಇನ್ನೊಂದು ಕೈಯಿಂದ ಚಕ್ರ ತಿರುಗಿಸಿ. ಕಿವಿಗೆ ಪ್ಯಾಡ್ ಉಜ್ಜುವ ಶ್ ಶ್ ಬಿಟ್ಟು ಬೇರೇನೂ ಕೇಳದೇ ಇರಬಹುದು, ಆದರೆ ಬೇರಿಂಗ್ ಒರಟಾಗಿದ್ದರೆ ಸ್ಪ್ರಿಂಗ್ ಸುಮ್ನೆ ಇರುವುದಿಲ್ಲ. ಬೆರಳಿಗೆ ಜುಮ್ ಜುಮ್ ಅಂತ ಮರಳು ಅರೆದಂತೆ ಬರುತ್ತದೆ. ಮುಂದಿನ ಎಡ ಚಕ್ರದಲ್ಲಿ ಏನೂ ಇಲ್ಲ, ನುಣುಪು. ಹಿಂದಿನ ಎರಡೂ ನುಣುಪು. ಮುಂದಿನ ಬಲ ಚಕ್ರದಲ್ಲಿ ಸ್ಪ್ರಿಂಗ್ ಮುಟ್ಟಿದ ಕೂಡಲೇ ಗೊತ್ತಾಯಿತು. ಗೆಳೆಯನ ಕೈಯನ್ನೂ ಇಡಿಸಿದೆ. ಆಮೇಲೆ ಅವನು ಎಡಗಡೆಯ ಮಾತೇ ಎತ್ತಲಿಲ್ಲ.

ಕಾರನ್ನು ಸ್ಟ್ಯಾಂಡ್ ಮೇಲಿಟ್ಟು, ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ ಚಕ್ರ ತಿರುಗಿಸಿ ಕೇಳುವವರಿದ್ದಾರೆ. ಮನೆಯಲ್ಲಿ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಕೈ ಸುತ್ತಿನಲ್ಲೇ ಸಿಗುವ ಉತ್ತರಕ್ಕೆ ಅಷ್ಟು ಅಪಾಯ ಯಾಕೆ?

ಬಿಚ್ಚುವ ಕೆಲಸ

ಕೆಲವು ಕಾರುಗಳಲ್ಲಿ ಬೇರಿಂಗ್ ಮತ್ತು ಹಬ್ (ಚಕ್ರವನ್ನು ಬಿಗಿಯುವ ನಡುವಿನ ಭಾಗ) ಒಂದೇ ತುಂಡಾಗಿ ಬರುತ್ತವೆ. ಮೂರು ನಾಲ್ಕು ಬೋಲ್ಟ್ ಬಿಚ್ಚಿ ಹೊಸದು ಕೂರಿಸಿದರೆ ಮುಗಿಯಿತು. ಹಳೆಯ ಕೆಲವು ಕಾರುಗಳಲ್ಲಿ ಟೇಪರ್ ರೋಲರ್ ಬೇರಿಂಗ್ ಇರುತ್ತದೆ, ಅದನ್ನು ತೊಳೆದು ಗ್ರೀಸ್ ತುಂಬಿ ಬಿಗಿ ಸರಿ ಮಾಡಬಹುದು. ಈ ಕಾರಿನದು ಮೂರನೇ ಬಗೆ: ನಕಲ್ ಒಳಗೆ ಒತ್ತಿ ಕೂರಿಸಿದ ಸೀಲ್ ಬೇರಿಂಗ್. ಇದಕ್ಕೆ ಪ್ರೆಸ್ ಬೇಕೇ ಬೇಕು. ಮನೆಯಲ್ಲಿ ನಕಲ್ ಬಿಚ್ಚಿ, ಪ್ರೆಸ್ ಇರುವ ಕಡೆ ಒಯ್ದು ಒತ್ತಿಸಿ, ಮತ್ತೆ ಮನೆಯಲ್ಲಿ ಜೋಡಿಸುವುದು ಅಂತ ನಿರ್ಧಾರ ಮಾಡಿದೆವು.

ಮೊದಲು ಆ್ಯಕ್ಸಲ್ ನಟ್, ಅಂದರೆ ಡ್ರೈವ್ ಶಾಫ್ಟನ್ನು ಹಬ್ಬಿಗೆ ಬಿಗಿಯುವ ದೊಡ್ಡ ನಟ್. ಇದನ್ನು ಸಡಿಲ ಮಾಡುವುದು ಚಕ್ರ ನೆಲದ ಮೇಲಿರುವಾಗಲೇ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರಬೇಕು. ನಟ್ಟಿನ ಅಂಚನ್ನು ಶಾಫ್ಟಿನ ತೋಡಿಗೆ ಬಡಿದು ಮಡಚಿರುತ್ತಾರೆ, ಆ ಮಡಿಕೆಯನ್ನು ಸಣ್ಣ ಉಳಿಯಿಂದ ಎಬ್ಬಿಸದೆ ತಿರುಗಿಸಿದರೆ ಶಾಫ್ಟಿನ ಮರೆ (ನಟ್ ಕೂರುವ ಸುರುಳಿ ಗೆರೆ) ಹಾಳು. ಉದ್ದನೆಯ ಪೈಪ್ ಸಿಕ್ಕಿಸಿ ಎಳೆದಾಗ ಟಕ್ ಅಂತ ಬಿಟ್ಟಿತು. ಸಡಿಲ ಅಂದರೆ ಸ್ವಲ್ಪ ಮಾತ್ರ. ನಟ್ ತೆಗೆದ ಮೇಲೆ ಕಾರನ್ನು ಆ ಚಕ್ರದ ಮೇಲೆ ತಳ್ಳಬಾರದು. ಒಳ ರೇಸಿನ ಎರಡು ಹೋಳುಗಳನ್ನು ಒಟ್ಟಿಗೆ ಹಿಡಿದಿಡುವುದೇ ಈ ನಟ್ಟಿನ ಬಿಗಿ.

ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ನೇತು ಹಾಕಿದೆ. ಬ್ರೇಕ್ ಪೈಪಿನಲ್ಲಿ ನೇತಾಡಲು ಬಿಟ್ಟರೆ ಪೈಪ್ ಒಳಗೊಳಗೇ ಹರಿದು ಹೋಗಬಹುದು, ಹೊರಗೆ ಕಾಣುವುದಿಲ್ಲ. ಡಿಸ್ಕ್ ಸಲೀಸಾಗಿ ಬಂತು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡುವ ವ್ಯವಸ್ಥೆ) ಸೆನ್ಸರ್ ತುಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಅದರ ಮೈ ಪ್ಲಾಸ್ಟಿಕ್, ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಮುರಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಎಡಕ್ಕೆ ಬಲಕ್ಕೆ ಸಣ್ಣಗೆ ತಿರುಚುತ್ತಾ ಬಂದಾಗ ಹೊರಗೆ ಬಂತು. ಅವಸರ ಮಾಡಿದ್ದರೆ ಇನ್ನೊಂದು ಖರ್ಚು ಆಗುತ್ತಿತ್ತು.

ಟೈ ರಾಡ್ ತುದಿ, ಕೆಳಗಿನ ಬಾಲ್ ಜಾಯಿಂಟ್, ಆಮೇಲೆ ಸ್ಟ್ರಟ್ಟಿನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಎರಡು ಬೋಲ್ಟ್. ಇವನ್ನು ಬಿಚ್ಚುವ ಮೊದಲು ನಕಲ್ ಮತ್ತು ಸ್ಟ್ರಟ್ ಸೇರುವ ಕಡೆ ಬಣ್ಣದಿಂದ ಗೆರೆ ಎಳೆದೆ. ಜೋಡಿಸುವಾಗ ಗೆರೆಗೆ ಗೆರೆ ಕೂಡಿಸಿದರೆ ಚಕ್ರದ ವಾಲು ಹೆಚ್ಚುಕಡಿಮೆ ಮೊದಲಿನಂತೆಯೇ ಕೂರುತ್ತದೆ. ಡ್ರೈವ್ ಶಾಫ್ಟನ್ನು ಒಳಕ್ಕೆ ತಳ್ಳಿ ಹಬ್ಬಿನಿಂದ ಬಿಡಿಸಿ, ಅದನ್ನೂ ಕಟ್ಟಿ ಹಾಕಿದೆ. ಜೋತು ಬಿಟ್ಟರೆ ಒಳಗಿನ ಜಾಯಿಂಟ್ ಕಳಚಿಕೊಳ್ಳಬಹುದು.

ಪ್ರೆಸ್ಸಿನ ಕೆಳಗೆ

20 ಟನ್ನಿನ ಪ್ರೆಸ್. ಹಬ್ಬನ್ನು ಒತ್ತಿದಾಗ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗುಂಡು ಹೊಡೆದಂತೆ ಢಂ ಅಂತ ಹೊರಬಂತು. ಕಣ್ಣಿಗೆ ಕನ್ನಡಕ ಇಲ್ಲದೆ ಪ್ರೆಸ್ ಹತ್ತಿರ ನಿಲ್ಲಬೇಡಿ. ನಿರೀಕ್ಷೆಯಂತೆ ಒಳ ರೇಸಿನ ಹೊರಗಿನ ಹೋಳು ಹಬ್ಬಿಗೇ ಅಂಟಿಕೊಂಡು ಬಂದಿತ್ತು. ಅದಕ್ಕೆ ಗ್ರೈಂಡರ್‌ನಿಂದ ಓರೆಯಾಗಿ ಒಂದು ಸೀಳು ಹಾಕಿ, ಹಬ್ಬಿಗೆ ತಾಗುವ ಮೊದಲೇ ನಿಲ್ಲಿಸಿ, ಉಳಿಯಿಟ್ಟು ಒಂದು ಏಟು ಕೊಟ್ಟರೆ ರೇಸ್ ಬಿರಿಯುತ್ತದೆ. ಹಬ್ಬಿನ ಮೈಗೆ ಗೀರು ಬಿದ್ದರೆ ಹೊಸ ಬೇರಿಂಗ್ ಸರಿಯಾಗಿ ಕೂರುವುದಿಲ್ಲ.

ಆ ರೇಸನ್ನು ಒರೆಸಿ ಬೆಳಕಿಗೆ ಹಿಡಿದೆ. ಗುಂಡು ಓಡುವ ದಾರಿ ಕನ್ನಡಿಯಂತೆ ಹೊಳೆಯಬೇಕಿತ್ತು. ಒಂದು ಕಡೆ ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ ಉಕ್ಕು ಪದರ ಪದರವಾಗಿ ಎದ್ದು ಹೋಗಿತ್ತು. ಉಗುರು ಆಡಿಸಿದರೆ ಅಂಚಿಗೆ ತಡೆಯುತ್ತಿತ್ತು. ಅದರ ಸುತ್ತ ಬೂದು ಬಣ್ಣದ ಸಣ್ಣ ಸಣ್ಣ ಚುಕ್ಕೆ, ಮುಂದೆ ಏಳಬೇಕಿದ್ದ ಪದರಗಳು. ಒಳಗಿನ ಗ್ರೀಸ್ ಕೆಂಪು ಮಿಶ್ರಿತ ಕಂದು, ನೀರಾಗಿತ್ತು. ಒಂದು ಸೀಲಿನ ತುಟಿ ಗಟ್ಟಿಯಾಗಿ ಮೇಲೆದ್ದಿತ್ತು. ನೀರು ಒಳಗೆ ಹೋಗಿದೆ, ಗ್ರೀಸ್ ತೊಳೆದಿದೆ, ತುಕ್ಕು ಹಿಡಿದಿದೆ, ಅಲ್ಲಿಂದ ಪದರ ಏಳಲು ಶುರುವಾಗಿದೆ. ಇದನ್ನು ಹೀಗೇ ಓಡಿಸುತ್ತಾ ಹೋಗಿದ್ದರೆ ಮುಂದೆ ಚಕ್ರ ಅಲ್ಲಾಡುತ್ತಿತ್ತು, ಡಿಸ್ಕ್ ಓಲಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳಿ ಬ್ರೇಕ್ ಪೆಡಲ್ ಆಳಕ್ಕೆ ಹೋಗುತ್ತಿತ್ತು. ಕೊನೆಯ ಹಂತದಲ್ಲಿ ಚಕ್ರವೇ ಕಳಚಬಹುದು.

ಬೇರಿಂಗನ್ನು ಜಾಗದಲ್ಲಿ ಹಿಡಿದಿಡುವ ಸರ್ಕ್ಲಿಪ್ ತೆಗೆದು ಹೊರ ರೇಸನ್ನೂ ಒತ್ತಿ ತೆಗೆದ ಮೇಲೆ, ನಕಲ್ಲಿನ ಒಳಮೈ ಮತ್ತು ಕ್ಲಿಪ್ಪಿನ ತೋಡನ್ನು ನುಣುಪು ಎಮರಿ ಕಾಗದದಿಂದ ತುಕ್ಕು ಹೋಗುವಷ್ಟು ಮಾತ್ರ ಉಜ್ಜಿದೆವು.

ಹೊಸ ಬೇರಿಂಗ್‌ಗೆ ಮುಖ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಎಬಿಎಸ್ ಇರುವ ಇಂಥ ಕಾರುಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಕಾಂತದ ಪಟ್ಟಿ ಇರುತ್ತದೆ. ಸೆನ್ಸರ್ ಓದುವುದು ಅದನ್ನೇ. ಕಣ್ಣಿಗೆ ಎರಡೂ ಬದಿ ಬಹುತೇಕ ಒಂದೇ ಥರ. ಒಂದು ಸಣ್ಣ ಪೇಪರ್ ಕ್ಲಿಪ್ ಹತ್ತಿರ ಹಿಡಿದರೆ ಕಾಂತದ ಬದಿ ಎಳೆಯುತ್ತದೆ. ಆ ಬದಿ ಸೆನ್ಸರ್ ಕಡೆಗೆ, ಅಂದರೆ ಕಾರಿನ ಒಳಬದಿಗೆ ಬರಬೇಕು. ಉಲ್ಟಾ ಕೂರಿಸಿದರೆ ಎಬಿಎಸ್ ದೀಪ ಹತ್ತುತ್ತದೆ. ಆಮೇಲೆ ಅದನ್ನು ತೆಗೆಯಲು ಒತ್ತಿದರೆ ಹೊಸ ಬೇರಿಂಗೇ ಹಾಳು. ಅದನ್ನು ಕಾಂತ ಇರುವ ತಟ್ಟೆಯಲ್ಲಿ, ಕಬ್ಬಿಣದ ಪುಡಿಯ ಹತ್ತಿರ ಇಡುವುದೂ ಬೇಡ.

ಒತ್ತುವ ನಿಯಮ ಒಂದೇ: ಯಾವ ರೇಸ್ ಬಿಗಿಯಾಗಿ ಕೂರಬೇಕೋ ಅದನ್ನೇ ಒತ್ತಬೇಕು, ಒತ್ತಡ ಗುಂಡುಗಳ ಮೂಲಕ ಹಾಯಬಾರದು. ನಕಲ್ಲಿಗೆ ಕೂರಿಸುವಾಗ ಹೊರ ರೇಸಿನ ಮೇಲೆ ಒತ್ತಿದೆವು. ಹಬ್ಬನ್ನು ಕೂರಿಸುವಾಗ ಒಳ ರೇಸಿಗೆ ಕೆಳಗಿನಿಂದ ಆಸರೆ ಕೊಟ್ಟೆವು. ಹೀಗೆ ಮಾಡದೆ ಸುತ್ತಿಗೆಯಿಂದ ಬಡಿದು ಕೂರಿಸಿದರೆ ಪ್ರತಿ ಗುಂಡೂ ರೇಸಿನಲ್ಲಿ ಸಣ್ಣ ಗುಳಿ ಮಾಡುತ್ತದೆ. ಕೆಲವೇ ವಾರಗಳಲ್ಲಿ ಅದೇ ಗುಂಯ್ ವಾಪಸ್ ಬಂದು, "ಬೇರಿಂಗ್ ಕಂಪನಿ ಸರಿ ಇಲ್ಲ" ಅಂತ ಬೈಸಿಕೊಳ್ಳುವ ಬೇರಿಂಗ್‌ಗಳಲ್ಲಿ ಇಂಥವು ಎಷ್ಟೋ.

ಜೋಡಿಸುವುದರಲ್ಲಿ ಹೇಳುವಂಥದ್ದು ಆ್ಯಕ್ಸಲ್ ನಟ್ ಬಗ್ಗೆ ಮಾತ್ರ. ಹೊಸ ನಟ್ಟೇ ಹಾಕಬೇಕು. ಸಣ್ಣ ಕಾರುಗಳಲ್ಲಿ ಇದರ ಬಿಗಿ 200 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುವುದು ಸಾಮಾನ್ಯ, ಆದರೆ ಕಾರಿನಿಂದ ಕಾರಿಗೆ ಬಹಳ ವ್ಯತ್ಯಾಸ ಇದೆ. ಆ ಕಾರಿನ ಸರ್ವಿಸ್ ಪುಸ್ತಕದ ಅಂಕಿಯೇ ಪ್ರಮಾಣ. ಚಕ್ರ ನೆಲ ಮುಟ್ಟುವ ಮೊದಲು, ಗೆಳೆಯ ಬ್ರೇಕ್ ಒತ್ತಿ ಹಿಡಿದಿದ್ದಾಗ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿ, ಅಂಚನ್ನು ತೋಡಿಗೆ ಮಡಚಿದೆ. ಗಾಳಿ ಗನ್ನಿನಿಂದ ಡರ್ ಅಂತ ಬಿಗಿಯುವುದು ಬೇಡ. ಕಮ್ಮಿಯಾದರೆ ಬೇರಿಂಗ್ ಸಡಿಲ, ಜಾಸ್ತಿಯಾದರೆ ಮರೆ ಕಿತ್ತು ಹೋಗುತ್ತದೆ. ಹೊರಡುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಬ್ರೇಕ್ ಒತ್ತಿದೆವು.

ಉಳಿದ ಸದ್ದು

ಅದೇ ಎಡ ತಿರುವು, ಅದೇ 60. ಗೊರ್ ಇಲ್ಲ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇಲ್ಲ. ಗೆಳೆಯ ಖುಷಿಯಲ್ಲಿದ್ದ. ಆದರೆ ಬಲ ತಿರುವಿನಲ್ಲಿ ಮೊದಲು ಉಳಿದಿದ್ದ ಆ ತೆಳು ಸದ್ದು ಈಗ ಸ್ಪಷ್ಟವಾಗಿ ಕೇಳುತ್ತಿತ್ತು. ಇದರ ಗುಣವೇ ಬೇರೆ. ಒರಟು ಡಾಂಬರಿನ ಮೇಲೆ ಹೂಂ ಅನ್ನುತ್ತದೆ, ಹೊಸ ನುಣುಪು ಡಾಂಬರಿಗೆ ಬಂದ ಕೂಡಲೇ ಇಲ್ಲವಾಗುತ್ತದೆ. ಇದು ಟೈರ್.

ಮುಂದಿನ ಟೈರ್ ಹೊಸದು. ಹಿಂದಿನವುಗಳ ಮೇಲೆ ಅಂಗೈ ಆಡಿಸಿದೆ. ಬಲಗಡೆಯದು ಪರವಾಗಿಲ್ಲ. ಎಡಗಡೆಯದರಲ್ಲಿ ಒಳ ಅಂಚಿನ ಗುಬುಟುಗಳು ಒಂದು ದಿಕ್ಕಿಗೆ ಸವರಿದರೆ ನುಣುಪು, ವಾಪಸ್ ಸವರಿದರೆ ಕೈಗೆ ಚುಚ್ಚುತ್ತಿದ್ದವು. ಸುತ್ತಲೂ ಅಲ್ಲಲ್ಲಿ ತಗ್ಗು. ಅಂದರೆ ಟೈರ್ ಸದ್ದು ಅಂದವರ ಮಾತು ಪೂರ್ತಿ ಸುಳ್ಳಲ್ಲ. ಕಾರಿನಲ್ಲಿ ಇದ್ದದ್ದು ಎರಡು ಸದ್ದು. ಅವರು ಬದಲಿಸಿದ್ದು ಬೇರೆ ಟೈರುಗಳನ್ನು, ಅಷ್ಟೇ. ಖಾತ್ರಿಗೆ ಹಿಂದಿನ ಎಡ ಟೈರನ್ನು ಮುಂದಿನ ಎಡಕ್ಕೆ ಹಾಕಿ ಓಡಿಸಿದೆವು. ಹೂಂ ಸದ್ದು ಮುಂದಕ್ಕೆ ಬಂತು.

ಟೈರ್ ಹೀಗೆ ಗುಳಿ ಗುಳಿಯಾಗಿ ಸವೆಯುವುದು ಸಾಮಾನ್ಯವಾಗಿ ಅದು ರಸ್ತೆಯ ಮೇಲೆ ಕುಪ್ಪಳಿಸುತ್ತಿದ್ದರೆ. ಹಿಂದಿನ ಎಡ ಶಾಕ್ ಅಬ್ಸಾರ್ಬರ್ ನೋಡಿದರೆ ಮೈ ಮೇಲೆ ಎಣ್ಣೆ ಇಳಿದು ಧೂಳು ಹಿಡಿದಿತ್ತು. ಒಂದನ್ನೇ ಬದಲಿಸಿದರೆ ಎಡ ಬಲ ಬೇರೆ ಬೇರೆ ವರ್ತಿಸುತ್ತವೆ, ಅದಕ್ಕೇ ಹಿಂದಿನ ಎರಡೂ ಹೊಸದು ಹಾಕಿದೆವು. ಮುಂದಿನ ಎಡ ಬೇರಿಂಗ್ ಮುಟ್ಟಲಿಲ್ಲ. ಶಾಕ್ ಜೋಡಿಯಾಗಿ ಬದಲಿಸಬೇಕು, ಬೇರಿಂಗ್ ಹಾಗಲ್ಲ. ನುಣುಪಾಗಿ ತಿರುಗುವುದನ್ನು ಕಿತ್ತು ಹಾಕಲು ಕಾರಣ ಇಲ್ಲ. ನಕಲ್ ಬಿಚ್ಚಿದ್ದರಿಂದ ವೀಲ್ ಅಲೈನ್‌ಮೆಂಟ್ ಮಾತ್ರ ಮಾಡಿಸಿದೆವು.

ಆ ಸವೆದ ಟೈರಿನಲ್ಲಿ ಇನ್ನೂ 4 ಮಿ.ಮೀ. ಆಳದ ತೋಡು ಉಳಿದಿದೆ. ದಾರ ಕಂಡಿಲ್ಲ, ಉಬ್ಬಿಲ್ಲ. ಎಸೆಯುವುದು ಬೇಡ ಅಂತ ಗೆಳೆಯ ಅದನ್ನು ಮತ್ತೆ ಹಿಂದಕ್ಕೆ ಹಾಕಿಸಿಕೊಂಡ. ಒರಟು ರಸ್ತೆಯಲ್ಲಿ ಅದು ಈಗಲೂ ಸ್ವಲ್ಪ ಹೂಂ ಅನ್ನುತ್ತದೆ.